ಏರಿಯ ಸಾಮ್ರಾಟನ ಪೀಠ

‘ಗುರುಗಳೇ, ತಮ್ಮ ತರುವಾಯ ಪೀಠದ ಮೇಲೆ ತಮ್ಮ ಪಾದುಕೆಗಳನ್ನು ಇರಿಸಿ, ನಾನು ಕೆಳಗೆ ನೆಲದ ಮೇಲೆ ಕುಳಿತು ಪಾಠ ಹೇಳಬಹುದೇ?’ ಎಂದು ಶಿಷ್ಯನು ಕೇಳಿದನು.

ಅಂದು ಬೆಳಿಗ್ಗೆ ಗುರುಗಳು ಮಠದವರೆಲ್ಲರ ಎದುರಿಗೆ ಅವನನ್ನು ತಮ್ಮ ಉತ್ತರಾಧಿಕಾರಿಯೆಂದು ಹೆಸರಿಸಿದ್ದರು. ಆಗಿನಿಂದ ಅವನು ಊಟ ಮಾಡಿರಲಿಲ್ಲ.

‘ಇದು ಯಾರ ಯೋಚನೆ?’ ಎಂದು ಗುರುಗಳು ಕೇಳಿದರು.

‘ನನ್ನದು. ಉಳಿದವರೆಲ್ಲರೂ ಒಪ್ಪಿದ್ದಾರೆ.’

‘ಒಪ್ಪದೆ ಏನು ಮಾಡುತ್ತಾರೆ? ಪಾದುಕೆಗಳು ಯಾರನ್ನೂ ಬೈಯುವುದಿಲ್ಲ.’

ಶಿಷ್ಯನು ನಗಲಿಲ್ಲ. ‘ತಮ್ಮ ಜಾಗದಲ್ಲಿ ಕೂರುವ ಯೋಗ್ಯತೆ ನನಗಿಲ್ಲ. ಪಾದುಕೆಗಳು ಅಲ್ಲಿದ್ದರೆ ತಾವೇ ಇದ್ದಂತೆ. ಮಠಕ್ಕೆ ಕೇಡು ತಟ್ಟುವುದಿಲ್ಲ. ಇದಕ್ಕೆ ತಮ್ಮ ಅಪ್ಪಣೆ ಇಲ್ಲವಾದರೆ ಬೇರೆ ಯಾರನ್ನಾದರೂ ಹೆಸರಿಸಬೇಕು. ನಾನು ನಾಳೆ ಹೊರಡುತ್ತೇನೆ’ ಎಂದನು.

ಗುರುಗಳು ಅವನ ಮುಖವನ್ನು ನೋಡಿದರು. ಅವನು ಹೇಳಿದಂತೆ ಮಾಡುವವನೆಂದು ಅವರಿಗೆ ಗೊತ್ತಿತ್ತು.

‘ಕುಳಿತುಕೋ. ಒಂದು ಕತೆ ಕೇಳು. ಆಮೇಲೆ ಹೊರಡುವುದಾದರೆ ಹೊರಡು’ ಎಂದು ಅವರು ಹೇಳತೊಡಗಿದರು.

ಪೂರ್ವಕಾಲದಲ್ಲಿ ಚೀನಾ ದೇಶವನ್ನು ಒಂದು ರಾಜವಂಶ ಆಳುತ್ತಿತ್ತು. ಅದರ ರಾಜಧಾನಿ ವಿಶಾಲವಾದ ಒಂದು ಬಯಲಿನಲ್ಲಿತ್ತು. ಬಯಲಿನ ನಡುವೆ ಕೆಸರಿನ ಬಣ್ಣದ ನದಿಯೊಂದು ಹರಿಯುತ್ತಿತ್ತು. ಆ ನದಿ ವರ್ಷವರ್ಷವೂ ಹೂಳನ್ನು ತಂದು ತನ್ನ ತಳವನ್ನು ತಾನೇ ಎತ್ತರಿಸಿಕೊಂಡಿತ್ತು. ಕೊನೆಗೆ ನೀರು ಹೊಲಗಳಿಗಿಂತ ಮೇಲೆ ಹರಿಯತೊಡಗಿತು. ನದಿಯ ಎರಡೂ ಬದಿಗೆ ಮಣ್ಣಿನ ಏರಿ ಇತ್ತು. ಏರಿ ಇದ್ದುದರಿಂದ ಊರುಗಳು ಇದ್ದವು.

ಆ ವಂಶದವರಲ್ಲಿ ಒಂದು ಪದ್ಧತಿ ಇತ್ತು. ಅರಮನೆಯ ಪಕ್ಕದಲ್ಲಿ ಹಿರಿಯರ ಮನೆ ಎಂಬ ಗುಡಿ. ಅದರೊಳಗೆ ಏಳು ಪೀಠಗಳು. ಪ್ರತಿಯೊಂದು ಪೀಠದ ಮೇಲೂ ತೀರಿಹೋದ ಒಬ್ಬ ಸಾಮ್ರಾಟನ ಹೆಸರನ್ನು ಕೆತ್ತಿದ ಮರದ ಫಲಕ. ಹಿರಿಯನ ಆತ್ಮ ಆ ಫಲಕದಲ್ಲಿ ನೆಲೆಸಿರುತ್ತದೆ ಎಂದು ಅವರು ನಂಬಿದ್ದರು. ದಿನವೂ ಅದರ ಮುಂದೆ ಬಿಸಿ ಅನ್ನವನ್ನೂ ಮದ್ಯವನ್ನೂ ಇಡುತ್ತಿದ್ದರು. ನಡುವಿನ ಪೀಠ ವಂಶದ ಮೂಲಪುರುಷನದು. ಅದನ್ನು ಯಾರೂ ಕದಲಿಸುವಂತಿರಲಿಲ್ಲ. ಉಳಿದ ಆರು ಪೀಠಗಳು ಬರುವವರಿಗೂ ಹೋಗುವವರಿಗೂ ಸೇರಿದ್ದವು. ಒಬ್ಬ ಸಾಮ್ರಾಟನು ತೀರಿಕೊಂಡು ಶೋಕದ ಕಾಲ ಮುಗಿದ ಮೇಲೆ ಅವನ ಮಗನು ತಂದೆಯ ಫಲಕವನ್ನು ಒಳಗೆ ತರಬೇಕು. ಆರರಲ್ಲಿ ಎಲ್ಲಕ್ಕಿಂತ ಹಳೆಯದನ್ನು ಎತ್ತಿ ಹಿಂದಿನ ಕಲ್ಲಿನ ಕೋಣೆಗೆ ಒಯ್ಯಬೇಕು. ಆ ಕೋಣೆಯಲ್ಲಿ ದಿನದ ಊಟವಿಲ್ಲ. ವರ್ಷಕ್ಕೊಮ್ಮೆ ಬಾಗಿಲು ತೆರೆದು, ಧೂಪ ಹಾಕಿ, ಮುಚ್ಚಿಬಿಡುತ್ತಿದ್ದರು.

ತಂದೆಯನ್ನು ಪೀಠದಲ್ಲಿ ಕೂರಿಸುವ ತನಕ ಮಗನು ಪೂರ್ಣ ಸಾಮ್ರಾಟನಲ್ಲ. ಅವನನ್ನು ಶೋಕದ ಮಗ ಎಂದು ಕರೆಯುತ್ತಿದ್ದರು. ರಾಜಮುದ್ರೆ ಅದುವರೆಗೆ ಮಹಾಮಂತ್ರಿಯ ವಶದಲ್ಲಿರುತ್ತಿತ್ತು.

ಪೀಠಗಳು ಏಳೇ ಇರಲಿ ಎಂದು ಮೂಲಪುರುಷನು ಆಜ್ಞೆ ಮಾಡಿದ್ದನು. ಕಾರಣ ಹೇಳಿರಲಿಲ್ಲ. ಆಸ್ಥಾನದ ಪಂಡಿತರು ಕಾರಣವನ್ನು ಹುಡುಕಿ ಗ್ರಂಥಗಳನ್ನು ಬರೆದಿದ್ದರು. ಒಬ್ಬರ ಕಾರಣ ಇನ್ನೊಬ್ಬರಿಗೆ ಒಪ್ಪಿಗೆಯಾಗಿರಲಿಲ್ಲ.

ಈ ವಂಶದಲ್ಲಿ ಹಿಂದೆ ಒಬ್ಬ ದೊಡ್ಡ ಸಾಮ್ರಾಟನಿದ್ದನು. ನದಿಗೆ ಏರಿ ಕಟ್ಟಿಸಿದವನು ಅವನೇ. ಕಟ್ಟಿಸಿದನು ಎಂಬುದಕ್ಕಿಂತ ಕಟ್ಟಿದನು ಎನ್ನುವುದೇ ಸರಿ. ಅವನು ಜನರೊಡನೆ ಕೆಸರಿನಲ್ಲಿ ನಿಂತು ಬುಟ್ಟಿ ಹೊತ್ತವನು. ಹೆಗಲಿನ ಚರ್ಮ ಸುಲಿದು ಗಾಯವಾದರೂ ಬುಟ್ಟಿಯನ್ನು ಇಳಿಸಿದವನಲ್ಲ. ಅವನು ಬದುಕಿರುವ ತನಕ, ಪ್ರತಿವರ್ಷ ಹಿಮ ಕರಗಿ ನದಿ ಏರುವ ಮುನ್ನ, ಮನೆಗೊಬ್ಬರಂತೆ ಬಯಲಿನ ಜನರೆಲ್ಲ ಏರಿಗೆ ಮಣ್ಣು ಹಾಕಿ ಗುದ್ದಿ ಗಟ್ಟಿ ಮಾಡುತ್ತಿದ್ದರು. ಸತ್ತ ಮೇಲೆ ಜನ ಅವನನ್ನು ಏರಿಯ ಸಾಮ್ರಾಟ ಎಂದೇ ಕರೆದರು.

ಅವನ ಮಗನು ವಸಂತದಲ್ಲಿ ತಂದೆಯ ಫಲಕದ ಮುಂದೆ ಒಂದು ಹಂದಿಯನ್ನು ಅರ್ಪಿಸಿ, ಈ ವರ್ಷವೂ ನದಿಯನ್ನು ಹಿಡಿದುಕೊಳ್ಳಿ ಎಂದು ಬೇಡಿಕೊಂಡನು. ಬೇಡಿಕೊಂಡ ಮೇಲೆ ಏರಿಗೆ ಹೋಗಿ ಮಣ್ಣು ಹೊತ್ತನು. ಮೊಮ್ಮಗನು ಬೇಡಿಕೊಂಡನು. ಮಣ್ಣು ಹೊರಲು ಅಧಿಕಾರಿಗಳನ್ನು ಕಳುಹಿಸಿದನು. ಅವನ ಮಗನ ಕಾಲಕ್ಕೆ ಅಧಿಕಾರಿಗಳೂ ಬೇಡಿಕೊಳ್ಳುವುದನ್ನು ಕಲಿತಿದ್ದರು. ನದಿ ತುಂಬಿ ಇಳಿದರೆ, ಹಿರಿಯರು ಹಿಡಿದುಕೊಂಡರು ಎನ್ನುತ್ತಿದ್ದರು. ಎಲ್ಲಿಯಾದರೂ ಏರಿ ಸ್ವಲ್ಪ ಕುಸಿದರೆ, ಅರ್ಪಣೆ ಸಾಲದಾಯಿತು ಎಂದು ಮರುವರ್ಷ ಇನ್ನೊಂದು ಹಂದಿಯನ್ನು ಸೇರಿಸುತ್ತಿದ್ದರು. ಹೀಗೆ ತಲೆಮಾರುಗಳು ಕಳೆದವು. ಹಂದಿಗಳು ಹೆಚ್ಚಿದವು. ಬುಟ್ಟಿಗಳು ಅಟ್ಟ ಸೇರಿದವು.

ಆರು ಪೀಠಗಳಲ್ಲಿ ಏರಿಯ ಸಾಮ್ರಾಟನದೇ ಹಳೆಯದಾಗಿ ಉಳಿದ ಕಾಲದಲ್ಲಿ ಒಬ್ಬ ಸಾಮ್ರಾಟನು ತೀರಿಕೊಂಡನು. ಅವನು ಯಾವ ಯುದ್ಧವನ್ನೂ ಗೆಲ್ಲಲಿಲ್ಲ, ಸೋಲಲಿಲ್ಲ. ಯಾವ ಕಟ್ಟಡವನ್ನೂ ಕಟ್ಟಿಸಲಿಲ್ಲ. ಸಭೆಯಲ್ಲಿ ಯಾರು ಏನು ಹೇಳಿದರೂ ‘ಹಾಗೇ ಆಗಲಿ’ ಎನ್ನುತ್ತಿದ್ದನು. ಮಧ್ಯಾಹ್ನದ ಹೊತ್ತು ಸಿಂಹಾಸನದ ಮೇಲೆಯೇ ತೂಕಡಿಸುತ್ತಿದ್ದನು. ನೆಗಡಿಯಾಗಿ ಮಲಗಿದವನು ಏಳಲಿಲ್ಲ. ಅವನಿಗೆ ಒಬ್ಬನೇ ಮಗ. ಆ ಯುವಕನು ತಂದೆಯನ್ನು ಪ್ರೀತಿಸುತ್ತಿದ್ದನು. ತಂದೆಯ ವಿಷಯದಲ್ಲಿ ನಾಚಿಕೆಯನ್ನೂ ಪಡುತ್ತಿದ್ದನು. ಎರಡನ್ನೂ ಯಾರಿಗೂ ಹೇಳಿರಲಿಲ್ಲ.

ಶೋಕದ ಕಾಲ ಮುಗಿಯಿತು. ಮಹಾಮಂತ್ರಿಯು ಯುವಕನ ಬಳಿಗೆ ಬಂದನು.

‘ಪ್ರಭುಗಳೇ, ತಮ್ಮ ತಂದೆಯವರ ಫಲಕ ಒಳಗೆ ಬರಬೇಕಾದರೆ ಏರಿಯ ಸಾಮ್ರಾಟರ ಫಲಕ ಏಳಬೇಕಾಗುತ್ತದೆ. ಅವರು ಎದ್ದರೆ ನದಿಯನ್ನು ಹಿಡಿಯುವವರು ಯಾರು? ವಸಂತ ಹತ್ತಿರ ಬಂದಿದೆ. ಸಭೆಯ ಅಭಿಪ್ರಾಯವೇನೆಂದರೆ, ತಮ್ಮ ತಂದೆಯವರು ಸ್ವಲ್ಪ ಕಾಲ ಪಕ್ಕದ ಚಾವಡಿಯಲ್ಲಿ ಇರಲಿ.’

‘ಎಂಟನೆಯ ಪೀಠ ಹಾಕಿಸಬಾರದೇ?’

‘ಏಳೇ ಎಂಬುದು ಮೂಲಪುರುಷರ ಮಾತು. ಅದನ್ನು ಮುರಿಯುವ ಧೈರ್ಯ ನನಗಿಲ್ಲ.’

‘ಹಳೆಯದನ್ನು ಎತ್ತಬೇಕು ಎಂಬುದೂ ಅವರ ಮಾತೇ ಅಲ್ಲವೇ?’

‘ಅದನ್ನು ನಾವು ಮುರಿಯುತ್ತಿಲ್ಲ, ಪ್ರಭುಗಳೇ. ತಡ ಮಾಡುತ್ತಿದ್ದೇವೆ.’

‘ತಂದೆಯವರು ಪೀಠದಲ್ಲಿ ಕೂರದಿದ್ದರೆ ನಾನು ಯಾರು?’

‘ಶೋಕದ ಮಗ. ಅದು ಗೌರವದ ಹೆಸರೇ. ಅದರಲ್ಲಿ ತಮಗೆ ಕಷ್ಟವೂ ಇಲ್ಲ. ರಾಜ್ಯದಲ್ಲಿ ಏನಾದರೂ ಕೆಟ್ಟರೆ ಹಿರಿಯರ ಇಚ್ಛೆ ಎನ್ನಬಹುದು. ಮುದ್ರೆ ಹೇಗೂ ನನ್ನ ಬಳಿಯೇ ಇದೆ.’

ಮಹಾಮಂತ್ರಿಯನ್ನು ದುಷ್ಟನೆಂದು ತಿಳಿಯಬೇಡ. ಅವನು ನದಿಗೆ ನಿಜವಾಗಿಯೂ ಹೆದರಿದ್ದನು. ಮುದ್ರೆಯನ್ನು ಇಟ್ಟುಕೊಂಡು ರೂಢಿಯಾಗಿದ್ದುದೂ ನಿಜ. ಎರಡೂ ಒಂದೇ ಮನಸ್ಸಿನಲ್ಲಿ ಇರಲು ಸಾಧ್ಯ.

ಯುವಕನ ಮನಸ್ಸೂ ಹಗುರವಾಯಿತು. ದೊಡ್ಡವರು ಮುಂದೆ ಕುಳಿತಿರುತ್ತಾರೆ. ತಾನು ಹಿಂದೆ ನಿಂತಿದ್ದರೆ ಸಾಕು. ಇದು ವಿನಯ ಎಂದು ಅವನು ತಿಳಿದನು. ‘ಹಾಗೇ ಆಗಲಿ’ ಎಂದನು. ಆ ಮಾತು ತನ್ನ ಬಾಯಿಯಿಂದ ಹೊರಟ ಬಗೆಯನ್ನು ಕೇಳಿ ಅವನಿಗೇ ಸ್ವಲ್ಪ ಇರುಸುಮುರುಸಾಯಿತು.

ಅವನು ತಾಯಿಗೆ ತಿಳಿಸಲು ಹೋದನು. ಸಾಮ್ರಾಜ್ಞಿಯರು ರೇಷ್ಮೆಹುಳು ಸಾಕುವುದು ಆ ವಂಶದಲ್ಲಿ ನಡೆದುಬಂದ ಕೆಲಸ. ತಾಯಿಯು ತಟ್ಟೆಗಳ ಮುಂದೆ ಕುಳಿತು ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪನ್ನು ಹೆಚ್ಚುತ್ತಿದ್ದಳು.

‘ಅಮ್ಮ, ಅಪ್ಪನ ಫಲಕ ಸದ್ಯಕ್ಕೆ ಚಾವಡಿಯಲ್ಲಿರಲಿ ಎಂದು ಎಲ್ಲರೂ ಹೇಳುತ್ತಿದ್ದಾರೆ.’

‘ಎಲ್ಲರೂ ಎಂದರೆ? ನೀನೂ ಸೇರಿಯೋ?’

ಅವನು ತಟ್ಟೆಗಳ ಕಡೆಗೆ ನೋಡುತ್ತ ನಿಂತನು.

‘ಬಾಯಿ ಬಿಟ್ಟು ಹೇಳು. ನನ್ನ ಎದುರಿಗೆ ಸಾಮ್ರಾಟನ ಹಾಗೆ ನಿಲ್ಲಬೇಡ. ಬೆಳಕಿಗೆ ಅಡ್ಡವಾಗುತ್ತದೆ.’

ಅವನು ಪಕ್ಕಕ್ಕೆ ಸರಿದನು. ‘ಏರಿಯ ಸಾಮ್ರಾಟರನ್ನು ಎಬ್ಬಿಸಿ ಅಪ್ಪನನ್ನು ಕೂರಿಸುವುದು ಹೇಗಮ್ಮ? ಅಪ್ಪ ಏನು ಮಾಡಿದರು? ನೀವೇ ಹೇಳಿ.’

‘ಏನೂ ಮಾಡಲಿಲ್ಲ’ ಎಂದಳು ತಾಯಿ. ‘ನಿನಗಿಂತ ಚೆನ್ನಾಗಿ ನನಗೆ ಗೊತ್ತು. ಎರಡು ಕರಬೂಜದ ಹಣ್ಣುಗಳನ್ನು ಮುಂದೆ ಇಟ್ಟರೆ ಯಾವುದನ್ನು ಕೊಯ್ಯಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ನಾನೇ ಹೇಳಬೇಕಾಗಿತ್ತು.’

‘ಮತ್ತೆ?’

‘ನಿನ್ನ ಅಜ್ಜ ಸಿಂಹಾಸನಕ್ಕೆ ಹೇಗೆ ಬಂದರು?’

‘ತಮ್ಮಂದಿರನ್ನು ಗೆದ್ದು ಬಂದರು.’

‘ಗೆದ್ದು ಎಂದು ಬರೆದಿದ್ದಾರೆ. ಒಬ್ಬನಿಗೆ ವಿಷ, ಒಬ್ಬನಿಗೆ ಕತ್ತಿ. ಅವರ ಅಪ್ಪ ಬಂದದ್ದೂ ಹಾಗೆಯೇ. ಅಂಗಳದಲ್ಲಿ ಸೈನ್ಯ ಬೀಡುಬಿಟ್ಟಿತ್ತಂತೆ. ನಿನ್ನ ತಂದೆಗೂ ತಮ್ಮಂದಿರಿದ್ದರು. ಸಿಂಹಾಸನಕ್ಕೆ ಬಂದ ದಿನ ಅವರನ್ನೆಲ್ಲ ಊಟಕ್ಕೆ ಕರೆದರು. ಯಾರೂ ತಟ್ಟೆ ಮುಟ್ಟಲಿಲ್ಲ. ಆಗ ನಿನ್ನ ತಂದೆ ಎದ್ದು, ಪ್ರತಿಯೊಬ್ಬರ ತಟ್ಟೆಯಿಂದಲೂ ಒಂದೊಂದು ತುತ್ತು ತಾವೇ ತಿಂದರು. ಆಮೇಲೆ ಎಲ್ಲರೂ ಉಂಡರು. ನಿನ್ನ ಚಿಕ್ಕಪ್ಪಂದಿರು ಇವತ್ತಿಗೂ ಬದುಕಿದ್ದಾರೆ. ಹಬ್ಬದಲ್ಲಿ ಬಂದು ನನ್ನ ಅಡುಗೆಗೆ ಉಪ್ಪು ಕಡಿಮೆ ಎನ್ನುತ್ತಾರೆ.’

ತಾಯಿಯು ಸೊಪ್ಪನ್ನು ತಟ್ಟೆಗೆ ಹರಡಿದಳು.

‘ನೀನು ಸಿಂಹಾಸನಕ್ಕೆ ನಡೆದುಕೊಂಡು ಬಂದೆ. ಹಿರಿಯರ ಮನೆಯಲ್ಲಿ ಕುಳಿತಿರುವವರಲ್ಲಿ ಎಷ್ಟು ಜನ ಹಾಗೆ ಬಂದಿದ್ದರು, ಹೋಗಿ ಕೇಳು. ನಿನ್ನ ತಂದೆ ತಮ್ಮ ಅಪ್ಪನಿಂದ ತೆಗೆದುಕೊಂಡರು. ನಿನಗೆ ಕೊಟ್ಟರು. ನಡುವೆ ಯಾರ ಮನೆಯಲ್ಲಿಯೂ ಅಳು ಕೇಳಲಿಲ್ಲ. ಇದನ್ನು ನೀನು ಏನೂ ಇಲ್ಲ ಎಂದು ಕರೆಯುವೆಯಾದರೆ ಕರೆ.’

ಮಗನು, ‘ನದಿ ಇದೆಯಲ್ಲಮ್ಮ. ಅದನ್ನು ಹಿಡಿಯುವವರು?’ ಎಂದನು.

‘ಏರಿಯನ್ನು ನೋಡಿದ್ದೀಯಾ?’

‘ಇಲ್ಲ.’

‘ನಿನ್ನ ತಂದೆಯೂ ನೋಡಲಿಲ್ಲ. ಅದು ಅವರ ತಪ್ಪು. ಅದಕ್ಕೆ ನಾನು ವಕಾಲತ್ತು ಮಾಡುವುದಿಲ್ಲ. ಹೋಗಿ ನೋಡಿಕೊಂಡು ಬಾ. ಆಮೇಲೆ ಯಾರನ್ನು ಎಲ್ಲಿ ಕೂರಿಸಬೇಕೋ ಕೂರಿಸು. ನಾನು ಮಾತನಾಡುವುದಿಲ್ಲ.’

ಯುವಕನು ಸಾದಾ ಬಟ್ಟೆ ಉಟ್ಟು, ಕುದುರೆ ಏರಿ ಒಬ್ಬನೇ ಹೋದನು. ಶೋಕದ ಮಗನಿಗೆ ಪರಿವಾರದ ಕಟ್ಟುಪಾಡು ಇರಲಿಲ್ಲ.

ಅವನು ಬಾಲ್ಯದಿಂದ ಏರಿಯ ವರ್ಣನೆಯನ್ನು ಕೇಳಿದ್ದನು. ಗೋಡೆಯಂತೆ ನಿಂತಿದೆ, ಉಳಿ ಹೊಡೆದರೂ ಇಳಿಯದು ಎಂದು ಪಂಡಿತರು ಓದಿಸಿದ್ದರು. ಅಲ್ಲಿಗೆ ಹೋಗಿ ನೋಡಿದಾಗ ಏರಿಯ ಉದ್ದಕ್ಕೂ ಮೂಲಂಗಿ ಬೆಳೆದಿತ್ತು. ಒಬ್ಬ ಮುದುಕಿ ಸಾಲಿನಲ್ಲಿ ಕುಳಿತು ಗಡ್ಡೆಗಳನ್ನು ಕೀಳುತ್ತಿದ್ದಳು.

‘ಅಜ್ಜಿ, ಇದು ಏರಿ ಅಲ್ಲವೇ?’

‘ಏರಿಯೇ. ನಿನಗೆ ಕಣ್ಣು ಕಾಣುವುದಿಲ್ಲವೇ?’

‘ಏರಿಯ ಮೇಲೆ ಮೂಲಂಗಿ ಹಾಕಬಹುದೇ?’

‘ಇಲ್ಲಿ ಬೆಳೆದ ಹಾಗೆ ಇನ್ನೆಲ್ಲಿಯೂ ಬೆಳೆಯುವುದಿಲ್ಲ, ಮಗ. ಕೈ ಹಾಕಿ ನೋಡು, ಮಣ್ಣು ಎಷ್ಟು ಮೆತ್ತಗಿದೆ.’

ಅವನು ಕೈ ಹಾಕಿದನು. ಕೈ ಮಣಿಕಟ್ಟಿನ ತನಕ ಇಳಿಯಿತು. ಪಕ್ಕದಲ್ಲಿ ಹೆಗ್ಗಣದ ಬಿಲಗಳಿದ್ದವು. ಬಿಲದ ಬಾಯಿಯ ಮಣ್ಣು ತೇವವಾಗಿತ್ತು. ನದಿ ಏರಿಯ ಆಚೆ ಬದಿಯಲ್ಲಿ, ಇಳಿಜಾರಿನಲ್ಲಿ ನಿಂತ ಅವನ ಎದೆಯ ಮಟ್ಟಕ್ಕೆ ಹರಿಯುತ್ತಿತ್ತು. ಈಚೆ ಬದಿಯಲ್ಲಿ, ಅವನ ಕಾಲಿನ ಕೆಳಗೆ ಬಹಳ ದೂರದಲ್ಲಿ, ಊರಿನ ಸೂರುಗಳು ಕಾಣುತ್ತಿದ್ದವು.

‘ಇದು ಒಡೆದರೆ ಏನು ಮಾಡುತ್ತೀರಿ, ಅಜ್ಜಿ?’

ಮುದುಕಿ ನಕ್ಕಳು. ‘ಹೇಗೆ ಒಡೆಯುತ್ತದೆ? ಅರಮನೆಯಲ್ಲಿ ಅವರು ಕುಳಿತಿದ್ದಾರಲ್ಲ! ವರ್ಷವರ್ಷವೂ ನಮ್ಮ ಊರಿಂದ ಹಂದಿ ಹೋಗುತ್ತದೆ. ಪುಕ್ಕಟೆ ಕಾಯುತ್ತಾರೆಯೇ? ತಗೋ, ಒಂದು ಮೂಲಂಗಿ ತಿನ್ನು. ಮುಖ ಬಿಳಚಿಕೊಂಡಿದೆ ನಿನ್ನದು.’

ಅವನು ಮೂಲಂಗಿಯನ್ನು ತಿಂದನು. ಬಹಳ ಸಿಹಿಯಾಗಿತ್ತು.

ಮರುದಿನ ಅವನು ಮಹಾಮಂತ್ರಿಯನ್ನು ಹಿರಿಯರ ಮನೆಗೆ ಕರೆಸಿದನು. ಏರಿಯ ಸ್ಥಿತಿಯನ್ನು ಹೇಳಿದನು. ಮಹಾಮಂತ್ರಿಯು, ‘ಹಾಗಿದ್ದರೆ ಅವರನ್ನು ಎಬ್ಬಿಸುವುದು ಇನ್ನೂ ಅಪಾಯ. ನದಿ ನಿಂತಿರುವುದು ಅವರೊಬ್ಬರ ಬಲದಿಂದ ಎಂಬುದು ಇದರಿಂದಲೇ ತಿಳಿಯುತ್ತದೆ’ ಎಂದನು.

‘ಅವರೊಬ್ಬರ ಬಲದ ಮೇಲೆ ಬಿಟ್ಟೇ ಮಣ್ಣು ಮೆತ್ತಗಾಗಿದೆ. ಅವರು ಇಲ್ಲಿ ಕುಳಿತಿರುವ ತನಕ ಅಲ್ಲಿಗೆ ಯಾರೂ ಹೋಗುವುದಿಲ್ಲ.’

‘ಅವರನ್ನು ಎಬ್ಬಿಸಿದ ವರ್ಷವೇ ಏರಿ ಒಡೆದರೆ, ಪ್ರಭುಗಳೇ, ಜನ ನದಿಯನ್ನು ದೂರುವುದಿಲ್ಲ. ತಮ್ಮನ್ನು ದೂರುತ್ತಾರೆ. ತಮ್ಮ ತಂದೆಯವರ ಫಲಕವನ್ನು ಸೌದೆಯಂತೆ ಸೀಳುತ್ತಾರೆ. ತಮ್ಮನ್ನೂ ಬಿಡುವುದಿಲ್ಲ.’

‘ಗೊತ್ತಿದೆ’ ಎಂದನು ಯುವಕ.

ಅವನು ಏರಿಯ ಸಾಮ್ರಾಟನ ಪೀಠದ ಮುಂದೆ ಅಡ್ಡಬಿದ್ದು, ಎದ್ದು, ಫಲಕವನ್ನು ಎರಡೂ ಕೈಗಳಿಂದ ಎತ್ತಿದನು. ಬಹಳ ಭಾರವಿರಬಹುದೆಂದು ಅಂದುಕೊಂಡಿದ್ದನು. ಅದು ಒಣಮರದ ತುಂಡಿನಷ್ಟೇ ಹಗುರವಾಗಿತ್ತು. ಅವನು ಅದನ್ನು ಎದೆಗೆ ಒತ್ತಿಕೊಂಡು ಕಲ್ಲಿನ ಕೋಣೆಯೊಳಗೆ ಹೋದನು. ಮಹಾಮಂತ್ರಿಯು ದೀಪ ಹಿಡಿದು ಹಿಂಬಾಲಿಸಿದನು.

ಒಳಗೆ ಗೋಡೆಯ ಉದ್ದಕ್ಕೂ ಫಲಕಗಳಿದ್ದವು. ಧೂಳು ಹಿಡಿದಿದ್ದವು. ಯುವಕನು ಒಂದರ ಮುಂದೆ ನಿಂತು, ‘ಇವರು ಯಾರು?’ ಎಂದು ಕೇಳಿದನು.

ಮಹಾಮಂತ್ರಿಯು ದೀಪವನ್ನು ಹತ್ತಿರ ಹಿಡಿದನು. ‘ನಗರದ ಕೋಟೆಯನ್ನು ಕಟ್ಟಿಸಿದವರು.’

‘ಇವರು?’

‘ಅರಮನೆಯ ಬಾವಿಯನ್ನು ತೋಡಿಸಿದವರು.’

‘ಇವರನ್ನು ಇಲ್ಲಿಗೆ ತಂದ ಮೇಲೆ ಬಾವಿ ಬತ್ತಿತೇ?’

‘ಇಲ್ಲ. ಈಗಲೂ ಅದೇ ನೀರನ್ನು ಕುಡಿಯುತ್ತಿದ್ದೇವೆ.’

‘ಬತ್ತದೆ ಉಳಿದದ್ದು ಹೇಗೆ?’

‘ಎರಡು ಮೂರು ವರ್ಷಕ್ಕೊಮ್ಮೆ ಇಳಿದು ಹೂಳು ತೆಗೆಸುತ್ತೇವೆ, ಪ್ರಭುಗಳೇ’ ಎಂದು ಹೇಳಿದ ಮಹಾಮಂತ್ರಿಯು ದೀಪವನ್ನು ಕೆಳಗೆ ಇಳಿಸಿದನು.

ಯುವಕನು ಬಾವಿ ತೋಡಿಸಿದವನ ಪಕ್ಕದಲ್ಲಿ ಏರಿ ಕಟ್ಟಿದವನನ್ನು ಇರಿಸಿದನು. ಹೊರಗೆ ಬಂದು ತಂದೆಯ ಫಲಕವನ್ನು ಒಳಗೆ ತಂದನು. ಖಾಲಿಯಾದ ಪೀಠವನ್ನು ತಾನೇ ಒರೆಸಿ ತಂದೆಯನ್ನು ಅದರ ಮೇಲೆ ಕೂರಿಸಿದನು. ಬಿಸಿ ಅನ್ನವನ್ನು ಬಡಿಸಿದನು. ಆಮೇಲೆ ಮಹಾಮಂತ್ರಿಯ ಮುಂದೆ ಕೈ ಚಾಚಿದನು. ಮಹಾಮಂತ್ರಿಯು ಸ್ವಲ್ಪ ತಡಮಾಡಿ ಮುದ್ರೆಯನ್ನು ಆ ಕೈಯಲ್ಲಿ ಇಟ್ಟನು.

ಸುದ್ದಿ ಬಯಲಿಗೆ ಮುಟ್ಟಿತು. ಜನ ಎದೆ ಬಡಿದುಕೊಂಡರು. ನದಿಯನ್ನು ಕಾಯುವವರಿಲ್ಲ, ಹುಡುಗ ಸಾಮ್ರಾಟ ನಮ್ಮ ಮನೆ ಹಾಳು ಮಾಡಿದ ಎಂದು ಬೀದಿಯಲ್ಲಿ ನಿಂತು ಶಪಿಸಿದರು. ಕೆಲವರು ಗಂಟುಮೂಟೆ ಕಟ್ಟಿ ಗುಡ್ಡದ ಕಡೆಗೆ ಹೊರಟರು. ಹೋಗಲು ಜಾಗವಿಲ್ಲದವರು ಹಿಂದೆ ಉಳಿದರು. ಅವರೇ ಹೆಚ್ಚಿನವರು. ಅವರು ಬಂದು ಏರಿಯನ್ನು ನೋಡಿದರು. ದಿನವೂ ಕಣ್ಣೆದುರಿಗೆ ಇದ್ದುದನ್ನು ಅಂದು ಮೊದಲ ಸಲ ನೋಡಿದರು. ಮೂಲಂಗಿ, ಬಿಲ, ತೇವ ಎಲ್ಲವೂ ಕಾಣಿಸಿದವು. ಯಾರೋ ಒಬ್ಬನು ಮಾತಿಲ್ಲದೆ ತನ್ನ ಸಾಲಿನ ಮೂಲಂಗಿಗಳನ್ನು ಕಿತ್ತೆಸೆದು ಮಣ್ಣನ್ನು ಕಾಲಿನಿಂದ ತುಳಿಯತೊಡಗಿದನು. ಅಟ್ಟದ ಬುಟ್ಟಿಗಳು ಇಳಿದವು. ಅವುಗಳಲ್ಲಿ ಬಹುಪಾಲು ಗೆದ್ದಲು ಹಿಡಿದಿದ್ದವು. ಹೊಸ ಬುಟ್ಟಿ ಹೆಣೆಯಲು ಕುಳಿತರು.

ಹೊಸ ಸಾಮ್ರಾಟನ ಮುದ್ರೆ ಬಿದ್ದ ಮೊದಲ ಆಜ್ಞೆ ಆ ವಾರವೇ ಊರೂರಿಗೆ ಬಂದಿತು. ವಸಂತದ ಹಂದಿಗಳು ಈ ವರ್ಷ ಅರಮನೆಗೆ ಬರುವುದು ಬೇಡ. ಏರಿಯ ಮೇಲೆಯೇ ಬೇಯಲಿ. ಮಣ್ಣು ಹೊತ್ತವರು ಉಣ್ಣಲಿ ಎಂದು ಅದರಲ್ಲಿತ್ತು. ಜನರಿಗೆ ಸಿಟ್ಟು ಹೋಗಿರಲಿಲ್ಲ. ಆದರೂ ಉಂಡರು.

ಆಜ್ಞೆಯ ಹಿಂದೆಯೇ ಸಾಮ್ರಾಟನೂ ಬಂದನು. ಬುಟ್ಟಿ ಹೊತ್ತನು. ಅವನಿಗೆ ಆ ಕೆಲಸ ಬರುತ್ತಿರಲಿಲ್ಲ. ಅರ್ಧ ಮಣ್ಣು ದಾರಿಯಲ್ಲಿಯೇ ಚೆಲ್ಲುತ್ತಿತ್ತು. ಮೂಲಂಗಿಯ ಮುದುಕಿ ಅವನನ್ನು ಗುರುತಿಸಿದಳು.

‘ನನ್ನ ಮೂಲಂಗಿ ತಿಂದವನು ನೀನೇ ಅಲ್ಲವೇ?’

‘ಹೌದು, ಅಜ್ಜಿ.’

‘ತಿಂದು ಹೋಗಿ ನನ್ನ ಬೆಳೆಗೇ ಮಣ್ಣು ಹಾಕಿದೆ. ಈಗ ಬುಟ್ಟಿಯನ್ನಾದರೂ ನೆಟ್ಟಗೆ ಹೊರು. ಹೀಗೆ ಚೆಲ್ಲಿಕೊಂಡು ಹೋದರೆ ನದಿ ನಗುತ್ತದೆ.’

ಸುತ್ತಲಿದ್ದವರು ನಡುಗಿದರು. ಸಾಮ್ರಾಟನು ಬುಟ್ಟಿಯನ್ನು ನೆಟ್ಟಗೆ ಮಾಡಿಕೊಂಡನು. ಯಾರೋ ನಕ್ಕರು. ಆ ಬಯಲಿನಲ್ಲಿ ಬಹಳ ಕಾಲದ ಮೇಲೆ ಏರಿಯ ಮೇಲೆ ನಗು ಕೇಳಿಸಿತು.

ಹಿಮ ಕರಗಿತು. ನದಿ ಏರಿತು. ಹಿಂದಿನ ಯಾವ ವರ್ಷಕ್ಕಿಂತಲೂ ಕಡಿಮೆಯಾಗಿ ಬರಲಿಲ್ಲ. ನೀರು ಏರಿಯ ನೆತ್ತಿಗೆ ಒಂದು ಗೇಣು ಕೆಳಗೆ ಬಂದು ನಿಂತಿತು. ಗುಡ್ಡಕ್ಕೆ ಓಡಿದ್ದವರೂ ಅಷ್ಟರಲ್ಲಿ ನಾಚಿಕೆಯಿಂದ ಹಿಂದಿರುಗಿದ್ದರು. ಎಲ್ಲರೂ ಏರಿಯ ಮೇಲೆಯೇ ಇದ್ದರು. ಒಂದು ಕಡೆ ಹಳೆಯ ಬಿಲವೊಂದು ಬಾಯಿ ಬಿಟ್ಟು ನೀರು ಚಿಮ್ಮಿತು. ಸಾಮ್ರಾಟನು ಅಲ್ಲಿರಲಿಲ್ಲ, ಅವನು ಇನ್ನೊಂದು ತುದಿಯಲ್ಲಿದ್ದನು. ಅವನ ಅಪ್ಪಣೆಗೆ ಯಾರೂ ಕಾಯಲಿಲ್ಲ. ಹತ್ತಿರ ಇದ್ದವರು ಚೀಲ, ಹುಲ್ಲು, ಮಣ್ಣು, ಕೈಗೆ ಸಿಕ್ಕಿದ್ದನ್ನೆಲ್ಲ ತುರುಕಿ, ಅದರ ಮೇಲೆ ತಾವೇ ಕುಳಿತರು. ನೀರು ನಿಂತಿತು.

ನದಿ ಇಳಿಯಿತು. ಊರುಗಳು ಉಳಿದವು.

ಪ್ರತಿವರ್ಷ ನದಿ ಇಳಿದ ಮೇಲೆ ಜನ ಅರಮನೆಯ ದಿಕ್ಕಿಗೆ ತಿರುಗಿ ಕೈಮುಗಿಯುತ್ತಿದ್ದರು. ಆ ವರ್ಷ ಯಾರಿಗೆ ಕೈಮುಗಿಯಬೇಕೆಂದು ಅವರಿಗೆ ತಿಳಿಯಲಿಲ್ಲ. ಒಬ್ಬರ ಮುಖವನ್ನು ಒಬ್ಬರು ನೋಡಿಕೊಂಡು, ಸ್ವಲ್ಪ ಸಂಕೋಚಪಟ್ಟು, ಮನೆಗೆ ಹೋಗಿ ಮಲಗಿದರು.

ಮಹಾಮಂತ್ರಿಯು ಸಂತೋಷಪಟ್ಟನು. ಅವನು ಒಳ್ಳೆಯದನ್ನು ಕಂಡರೆ ಒಪ್ಪಿಕೊಳ್ಳುವ ಮನುಷ್ಯ. ಅವನು ಸಾಮ್ರಾಟನ ಬಳಿ ಬಂದು, ‘ಪ್ರಭುಗಳೇ, ಮುಂದೆ ತಾವು ಹಿರಿಯರ ಮನೆ ಸೇರಿದ ಮೇಲೆ ತಮ್ಮ ಫಲಕವನ್ನು ಎತ್ತುವ ಧೈರ್ಯ ಯಾರಿಗೂ ಎಂದೂ ಬರಲಾರದು’ ಎಂದನು.

‘ಈ ಮಾತನ್ನು ನನ್ನ ಮಕ್ಕಳ ಎದುರಿಗೆ ಆಡಬೇಡಿ’ ಎಂದನು ಸಾಮ್ರಾಟ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನ ಕಣ್ಣು ತುಂಬಿತ್ತು. ಅವನು ಕೈಜೋಡಿಸಿ, ‘ಆ ಯುವಕನು ಮಹಾತ್ಮನು, ಗುರುಗಳೇ. ನಾನು ಅವನ ಕಾಲಿನ ಧೂಳಿಗೂ ಸಮನಲ್ಲ. ಅವನ ಹೆಸರನ್ನು ಹೇಳಿರಿ. ದಿನವೂ ಪಾಠಕ್ಕೆ ಮೊದಲು ಅವನನ್ನು ನೆನೆದು ನಮಸ್ಕರಿಸುತ್ತೇನೆ’ ಎಂದನು.

‘ಅವನ ಹೆಸರು ನನಗೆ ಕತೆ ಹೇಳಿದವರಿಗೂ ತಿಳಿದಿರಲಿಲ್ಲ, ಆ ಬಯಲು ಮಾತ್ರ ಇನ್ನೂ ಮುಳುಗಿಲ್ಲ’ ಎಂದರು ಗುರುಗಳು.

ಶಿಷ್ಯನು ಪಾದುಕೆಗಳ ಮಾತನ್ನು ಬಿಟ್ಟು, ಎದ್ದು ಊಟಕ್ಕೆ ಹೋದನು.